ಕಾರ್ಲೈಲ್ ಶಾಲೆಯ ಚೆಂಡಾಟ ಮತ್ತು ಅದರ ವಸ್ತಾದರು

ತಾಲೀಮಿಗೆ ಹೊಸ ವಸ್ತಾದನನ್ನು ಹುಡುಕುವಾಗ ಊರ ಹಿರಿಯರು ಎರಡು ಮಾತು ಕೇಳುತ್ತಾರೆ. ಅವನಿಗೆ ಎಷ್ಟು ಡಾವು ಬರ್ತಾವು ಅನ್ನೋದು ಒಂದು. ನಮ್ಮ ಹುಡುಗರ ಮೈಗೆ ಯಾವ ಡಾವು ಒಪ್ಪತೈತಿ ಅನ್ನೋದನ್ನ ಅವ ಗುರುತು ಹಿಡಿತಾನೋ ಇಲ್ಲೋ ಅನ್ನೋದು ಇನ್ನೊಂದು. ಮೂರನೇ ಮಾತೂ ಒಂದೈತಿ, ಅದನ್ನು ಬಹಳ ಮಂದಿ ಕೇಳೋದಿಲ್ಲ. ಹುಡುಗನ ಮ್ಯಾಲೆ ಕಷ್ಟ ಬಂದ ದಿನ ಈ ವಸ್ತಾದ ಯಾರ ಮಗ್ಗಲಿಗೆ ನಿಲ್ತಾನ? ಈ ಮೂರೂ ಮಾತು ಒಂದೇ ಕಡೆ ಕೂಡಿ ಬಂದ ಚರಿತ್ರೆ ಒಂದು ಅಮೇರಿಕಾದಾಗ ನಡೆದೈತಿ. ನಮ್ಮ ವಾಚನಾಲಯದಾಗ ಮಾಸ್ತರರು ಇಂಗ್ಲಿಷಿನಿಂದ ಓದಿ ಹೇಳಿದ್ದನ್ನು ಕೇಳಿ ಕೇಳಿ ವಹಿಯಾಗ ಬರಕೊಂಡೀನಿ. ಕಾಲೇಜು ಹುಡುಗರ ಚೆಂಡಾಟದ ಕಥಿ ಅಂತ ಕೇಳಲಿಕ್ಕೆ ಕುಂತಿದ್ದೆ. ಅದು ಹೋಗಿ ಹೋಗಿ, ಮಕ್ಕಳ ಬಾಯಿಂದ ಅವರ ಮಾತು ಕಸಗೊಂಡ ಕಥಿಗೆ ಮುಟ್ಟಿತು.

ಮೊದಲು ಒಂದು ಮಾತು ಬಿಡಿಸಿ ಹೇಳಬೇಕು. ಈ ಚರಿತ್ರೆಯಲ್ಲಿ ಇಂಡಿಯನ್ ಅಂತ ಬಂದರೆ ಅದು ನಮಗೆ ಹೇಳಿದ್ದಲ್ಲ. ಕೊಲಂಬಸ್ ನಮ್ಮ ದೇಶದ ದಾರಿ ಹುಡುಕಿಕೊಂಡು ಹೊರಟು 1492ರಲ್ಲಿ ಬ್ಯಾರೆ ದಂಡೆಗೆ ಮುಟ್ಟಿದ. ಅಲ್ಲಿದ್ದ ಜನರಿಗೆ ಇಂಡಿಯನ್ನರು ಅಂತ ಹೆಸರಿಟ್ಟ. ನಮ್ಮ ಹೆಸರು ಹೋಗಿ ಅವರ ಕೊರಳಿಗೆ ಬಿತ್ತು. ಅವರು ಒಂದೇ ಜನವಲ್ಲ. ಲಕೋಟಾ, ಸೆನೆಕಾ, ಓಜಿಬ್ವೆ, ಡೆಲವೇರ್, ಪಾನೀ ಅಂತ ನೂರಾರು ಬುಡಕಟ್ಟು, ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯೋದಿಲ್ಲ. ಬಿಳಿಯರು ಬಂದು ಅವರ ಭೂಮಿ ಕಸಗೊಂಡರು. ಕಡಿಕೆ ಅಳತೆ ಹಾಕಿ, ನೀವು ಇಷ್ಟರೊಳಗೇ ಇರ್ರಿ ಅಂತ ಗಡಿ ಬರೆದರು.

ಭೂಮಿ ಮುಗಿದ ಮ್ಯಾಲೆ ಮಕ್ಕಳ ಸರತಿ ಬಂತು. 1879ರಲ್ಲಿ ರಿಚರ್ಡ್ ಹೆನ್ರಿ ಪ್ರ್ಯಾಟ್ ಅನ್ನುವ ದಂಡಿನ ಅಧಿಕಾರಿ ಪೆನ್ಸಿಲ್ವೇನಿಯಾ ರಾಜ್ಯದ ಕಾರ್ಲೈಲ್ ಊರಾಗ, ಒಂದು ಹಳೇ ದಂಡಿನ ಠಾಣೆಯಲ್ಲಿ, ಈ ಮಕ್ಕಳಿಗಾಗಿ ಸರ್ಕಾರಿ ಶಾಲೆ ತೆರೆದ. ದೂರದ ಬಯಲು ಸೀಮೆಯಿಂದ ಮಕ್ಕಳನ್ನು ರೈಲಿನಲ್ಲಿ ತಂದರು. ಬಂದ ಕೂಡಲೆ ಉದ್ದ ಕೂದಲು ಕತ್ತರಿಸಿದರು. ಅವರಲ್ಲಿ ಸತ್ತವರಿಗಾಗಿ ದುಃಖಪಡುವಾಗ ಕೂದಲು ಕತ್ತರಿಸೋ ಪದ್ಧತಿ ಇದ್ದವರೂ ಇದ್ದರು. ಆ ಮಕ್ಕಳು ರಾತ್ರಿ ಏನು ತಿಳಕೊಂಡು ಅತ್ತಿರಬೇಕು, ನೀವೇ ವಿಚಾರ ಮಾಡ್ರಿ. ಆಮ್ಯಾಲೆ ಹಲಗೆಯ ಮ್ಯಾಲೆ ಇಂಗ್ಲಿಷ್ ಹೆಸರುಗಳನ್ನು ಬರೆದು, ಕೋಲು ಕೊಟ್ಟು, ಒಂದು ತೋರಿಸು ಅಂದರು. ಲಕೋಟಾ ಹುಡುಗನೊಬ್ಬ ಏನು ಅಂತ ತಿಳಿಯದೆ ಕೋಲು ಮುಟ್ಟಿಸಿದ, ಅಂದಿನಿಂದ ಲೂಥರ್ ಆದ. ಲೂಥರ್ ಸ್ಟ್ಯಾಂಡಿಂಗ್ ಬೇರ್ ಅಂತ ಮುಂದೆ ದೊಡ್ಡ ಲೇಖಕನಾಗಿ ತಾನೇ ಇದನ್ನು ಬರೆದಿಟ್ಟಾನ. ತಮ್ಮ ಮಾತು ಆಡುವಂತಿಲ್ಲ, ಆಡಿದರೆ ಶಿಕ್ಷೆ. ಅರ್ಧ ದಿನ ಪಾಠ, ಅರ್ಧ ದಿನ ಬಡಗಿತನ, ಕಮ್ಮಾರಿಕೆ, ಹೊಲಿಗೆ. ಬ್ಯಾಸಿಗ್ಯಾಗ ಬಿಳಿಯರ ಹೊಲಗಳಿಗೆ ದುಡಿಯಲಿಕ್ಕೆ ಕಳಿಸೋದು.

ಪ್ರ್ಯಾಟ್ ಕೆಟ್ಟವ ಅಂತ ಒಂದೇ ಮಾತಿನಾಗ ಮುಗಿಸಲಿಕ್ಕೆ ಬರೋದಿಲ್ಲ. ಈ ಮಕ್ಕಳು ಬಿಳಿಯರ ಮಕ್ಕಳಷ್ಟೇ ಬುದ್ಧಿವಂತರು ಅಂತ ಅವ ನಂಬಿದ್ದ. ಆ ಕಾಲಕ್ಕ ಅಷ್ಟು ನಂಬಿದವರೇ ಕಡಿಮಿ. ಆದರೆ ಮನುಷ್ಯನನ್ನು ಉಳಿಸಬೇಕಾದರೆ ಅವನೊಳಗಿನ ಇಂಡಿಯನ್ನನನ್ನು ಕೊಲ್ಲಬೇಕು ಅನ್ನೋ ಅರ್ಥದ ಮಾತನ್ನು 1892ರಲ್ಲಿ ತುಂಬಿದ ಸಭೆಯಾಗ ಹೇಳಿದವನೂ ಅವನೇ. ಹಾಡು ಕಟ್ಟಿ ತಿನ್ನೋ ನನ್ನಂಥವನಿಗೆ ಈ ಲೆಕ್ಕ ಹತ್ತೋದಿಲ್ಲ. ಮಾತು ತಗದ ಮ್ಯಾಲೆ ಉಳಿದವ ಯಾರು?

ಈಗ ಆಟಕ್ಕೆ ಬರೋಣ. ಅಮೇರಿಕಾದ ಫುಟ್‌ಬಾಲು ನಮ್ಮ ಹುಡುಗರು ಕಾಲಿಲೆ ಒದೆಯೋ ಆಟ ಅಲ್ಲ. ಚೆಂಡು ಸುಲಿದ ತೆಂಗಿನಕಾಯಿ ಹಂಗ ಎರಡೂ ತುದಿಗೆ ಚೂಪು. ಕಡೆಗೆ ಹನ್ನೊಂದು ಮಂದಿ. ಚೆಂಡನ್ನು ಎದೆಗವಚಿಕೊಂಡು ಎದುರಿನವರ ಕೊನೆಯ ಗೆರೆ ದಾಟಬೇಕು, ಎದುರಿನವರು ಹಿಡಿದು ಕೆಡವಬೇಕು. ಕಬಡ್ಡಿಯ ಹಿಡಿತ, ಕುಸ್ತಿಯ ಭಾರ ಎರಡೂ ಕೂಡಿದ ಆಟ. ಆಗಿನ ನಿಯಮದಾಗ ಮೂರು ಸರತಿಯಲ್ಲಿ ಐದು ಗಜ ಮುಂದ ಹೋದರೆ ಚೆಂಡು ನಿಮ್ಮ ಹತ್ತಿರವೇ ಉಳಿಯೋದು. ಹಂಗಾಗಿ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಪೆನ್ಸಿಲ್ವೇನಿಯಾ ಅನ್ನೋ ದೊಡ್ಡ ದೊಡ್ಡ ವಿಶ್ವವಿದ್ಯಾಲಯಗಳು ಭಾರದ ಹುಡುಗರನ್ನು ಆರಿಸಿ, ಗುಂಪಾಗಿ ತೋಳಿಗೆ ತೋಳು ಕೊಟ್ಟು, ನೂಕಿ ನೂಕಿ ಹೋಗುತ್ತಿದ್ದವು. ಎಲುಬು ಮುರಿಯೋದು ದಿನದ ಮಾತು.

ಕಾರ್ಲೈಲ್ ಹುಡುಗರಿಗೂ ಈ ಆಟದ ಹುಚ್ಚು ಹತ್ತಿತು. 1890ರಲ್ಲಿ ಪಕ್ಕದ ಡಿಕಿನ್ಸನ್ ಕಾಲೇಜಿನವರ ಜೋಡಿ ಆಡುವಾಗ ಒಬ್ಬ ಹುಡುಗನ ಕಾಲು ಮುರಿಯಿತು. ಪ್ರ್ಯಾಟ್ ಹೊರಗಿನವರ ಜೋಡಿ ಆಡೋದನ್ನೇ ನಿಲ್ಲಿಸಿಬಿಟ್ಟ. ಮುಂದೆ ಹುಡುಗರೆಲ್ಲ ಗುಂಪಾಗಿ ಅವನ ಕೋಣೆಗೆ ಹೋಗಿ, ತಮ್ಮೊಳಗಿನ ಒಳ್ಳೇ ಮಾತುಗಾರನನ್ನು ಮುಂದಿಟ್ಟು, ಅಪ್ಪಣೆ ಕೇಳಿದರು. ಅವ ಎರಡು ಷರತ್ತು ಹಾಕಿ ಒಪ್ಪಿದ. ಎದುರಿನವ ಗುದ್ದಿದರೂ ನೀವು ತಿರುಗಿ ಗುದ್ದಬಾರದು. ಗುದ್ದಿದರೆ, ಕಾಡು ಜನ ಅಂತ ಇಡೀ ದೇಶ ಅಂತೈತಿ. ಎರಡನೆಯದು, ಕೆಲವು ವರ್ಷದೊಳಗೆ ದೇಶದ ಅತಿ ದೊಡ್ಡ ತಂಡವನ್ನು ಸೋಲಿಸಿ ತೋರಿಸಬೇಕು.

ಕಲಿಸುವವರು ಯಾರು? ಆ ಕಾಲದಾಗ ಆಟದ ಕಾಶಿ ಅಂದರೆ ಯೇಲ್ ವಿಶ್ವವಿದ್ಯಾಲಯ. ಅಲ್ಲಿ ಆಡಿ ಬಂದವರನ್ನೇ ಮೊದಲು ಕರೆದರು. ಹಂಗ ಬಂದವರಲ್ಲಿ ಹಿಕಾಕ್ ಅನ್ನುವಾತ ಒಬ್ಬ. 1896ರಲ್ಲಿ ಯೇಲ್ ತಂಡದ ಜೋಡಿಯೇ ಕಾರ್ಲೈಲ್ ಆಟ ಬಿತ್ತು. ಆ ದಿನ ಆಟದ ಪಂಚ ಯಾರು ಅಂತೀರಿ? ಕಾರ್ಲೈಲ್ ಹುಡುಗರ ಕೋಚ್ ಹಿಕಾಕನೇ. ಆಗ ಹಂಗೂ ನಡೀತಿತ್ತು. ಕೊನೆ ಕೊನೆಗೆ ಕಾರ್ಲೈಲ್ ಹುಡುಗ ಜೇಮಿಸನ್ ಹಿಡಿತ ಬಿಡಿಸಿಕೊಂಡು ಓಡಿ ಗೆರೆ ದಾಟಿದ. ಅಷ್ಟರಾಗ ಸೀಟಿ ಊದಿ ಆಗಿತ್ತು. ಹುಡುಗನನ್ನು ಹಿಡಿದು ನಿಲ್ಲಿಸಿದ್ದರು, ಆದ್ದರಿಂದ ಗೆರೆ ದಾಟಿದ್ದು ಲೆಕ್ಕಕ್ಕಿಲ್ಲ ಅಂತ ಅವರ ಕೋಚೇ ತೀರ್ಪು ಕೊಟ್ಟ. ಯೇಲ್ 12, ಕಾರ್ಲೈಲ್ 6. ನೆರೆದ ಬಿಳಿಯ ಜನರೇ ಛೀ ಅಂತ ಕೂಗಿದರು. ಹಿಕಾಕ್ ಬೇಕಂತಲೇ ಮಾಡಿದ ಅಂತ ನಾನು ಹೇಳೋದಿಲ್ಲ. ಆದರೆ ತಾನು ಕಲಿತ ಮನಿ ಒಂದು ಕಡೆ, ತಾನು ಕಲಿಸುವ ಮನಿ ಇನ್ನೊಂದು ಕಡೆ ಇರುವಾಗ ಸೀಟಿ ಹಿಡಿಯಲಿಕ್ಕೆ ಒಪ್ಪಬಾರದಿತ್ತು.

1899ರಲ್ಲಿ ಪ್ರ್ಯಾಟ್ ಬ್ಯಾರೆ ಮನುಷ್ಯನನ್ನು ತಂದ. ಗ್ಲೆನ್ ವಾರ್ನರ್. ಎಲ್ಲರೂ ಪಾಪ್ ವಾರ್ನರ್ ಅಂತಿದ್ದರು. ವಯಸ್ಸು 28. ಕಾರ್ನೆಲ್ ವಿಶ್ವವಿದ್ಯಾಲಯದಾಗ ವಕೀಲಿ ಓದಿ, ಅಲ್ಲೇ ಆಡಿ, ಅಲ್ಲೇ ಕಲಿಸಿದಾತ. ಸಂಬಳ ವರ್ಷಕ್ಕೆ 1200 ಡಾಲರ್. ಬಂದ ಹೊಸದಾಗಿ ಬಿಳಿ ಹುಡುಗರಿಗೆ ಬೈದಂಗ ಇವರಿಗೂ ಬಾಯಿಗೆ ಬಂದಂಗ ಬೈದ. ಹುಡುಗರು ಜಗಳ ಮಾಡಲಿಲ್ಲ, ಸುಮ್ಮನೆ ತಾಲೀಮಿಗೆ ಬರೋದು ಬಿಟ್ಟರು. ಅವ ಕೇಳಿದಾಗ, ಬೈಸಿಕೊಳ್ಳೋದು ನಮಗೆ ಸೇರೋದಿಲ್ಲ ಅಂದರು. ವಾರ್ನರ್ ಆಗ ನಾಲಿಗೆ ಬಿಗಿ ಹಿಡಿದ. ಇಲ್ಲಿ ಕಲಿತವ ಯಾರು, ಕಲಿಸಿದವರು ಯಾರು ಅಂತ ನನಗೆ ಒಮ್ಮೊಮ್ಮೆ ನಗು ಬರತೈತಿ.

ಅವನ ದೊಡ್ಡತನ ಬ್ಯಾರೆ ಕಡೆ ಐತಿ. ತಾನು ಕಲಿತು ಬಂದ ಆಟವನ್ನು ಈ ಹುಡುಗರ ತಲೆಗೆ ಕಟ್ಟಲಿಲ್ಲ. ಇವರ ಮೈ ಹಗುರ. ಎದುರಿನ ಹುಡುಗರು ಇವರಿಗಿಂತ ಭಾರ. ನೂಕೋ ಆಟ ಆಡಿದರೆ ಸೋಲು ಬರದಿಟ್ಟದ್ದು. ಆದರೆ ಇವರ ಕಾಲಿನಲ್ಲಿ ಗಾಳಿ ಇತ್ತು, ಕಣ್ಣು ಚುರುಕು. ಅದಕ್ಕಿಂತ ಹೆಚ್ಚಾಗಿ, ದೊಡ್ಡವರನ್ನು ಮಂಗ ಮಾಡಿ ಗೆಲ್ಲೋದರಾಗ ಇವರಿಗೆ ಭಾಳ ಸಂತೋಷ. ಹಗುರ ಪೈಲವಾನನಿಗೆ ಎದುರಿನವನ ಭಾರವನ್ನೇ ಎದುರಿನವನ ಮ್ಯಾಲೆ ತಿರುಗಿಸೋ ಡಾವು ಹೇಳಿಕೊಡತಾರಲ್ಲ, ಹಂಗ ವಾರ್ನರ್ ಓಟ ಮತ್ತು ಮೋಸದ ಆಟ ಕಟ್ಟಿದ. ಮೋಸ ಅಂದರೆ ಕಳ್ಳತನ ಅಲ್ಲ. ಚೆಂಡು ಇವನ ಕೈಯಾಗ ಐತಿ ಅಂತ ತೋರಿಸಿ ಅವನ ಕೈಯಾಗ ಇಡೋದು, ಎಡಕ್ಕೆ ಓಡಿದಂಗ ಮಾಡಿ ಬಲಕ್ಕೆ ಹೋಗೋದು. ಮೊದಲನೇ ವರ್ಷವೇ ಪೆನ್ಸಿಲ್ವೇನಿಯಾ ತಂಡವನ್ನು 16-5ರಿಂದ ಸೋಲಿಸಿದರು. ಪ್ರ್ಯಾಟ್ ಹಾಕಿದ ಎರಡನೇ ಷರತ್ತು ಹೆಚ್ಚೂಕಡಿಮೆ ತೀರಿತು.

1903ರ ಹಾರ್ವರ್ಡ್ ಆಟ ಹೇಳದೆ ಮುಂದ ಹೋಗಲಿಕ್ಕೆ ಮನಸಿಲ್ಲ. ಶಾಲೆಯ ಹೊಲಿಗೆಯವರ ಕಡೆಯಿಂದ ಡಿಲನ್ ಅನ್ನೋ ಹುಡುಗನ ಅಂಗಿಯ ಕೆಳಗಿನ ಅಂಚಿಗೆ ಎಲಾಸ್ಟಿಕ್ ಹೊಲಿಸಿದ್ದರು. ಎದುರಿನವರು ಚೆಂಡು ಒದ್ದು ಕಳಿಸಿದ ಕೂಡಲೆ ಕಾರ್ಲೈಲ್ ಹುಡುಗರೆಲ್ಲ ಒಂದು ಗುಂಪಾದರು. ಒಳಗೆ ಜಾನ್ಸನ್ ಅನ್ನುವಾತ ಚೆಂಡನ್ನು ಡಿಲನ್ನನ ಬೆನ್ನ ಹಿಂದೆ ಅಂಗಿಯೊಳಗೆ ತುರುಕಿದ. ಗುಂಪು ಒಡೆಯಿತು. ಎಲ್ಲಾರೂ ಹೊಟ್ಟೆಗೆ ಕೈ ಹಿಡಿದು ಚೆಂಡು ಇದ್ದಂಗ ನಾಲ್ಕೂ ದಿಕ್ಕಿಗೆ ಓಡಿದರು. ಹಾರ್ವರ್ಡ್ ಹುಡುಗರು ಸಿಕ್ಕವರನ್ನೆಲ್ಲ ಕೆಡವಿದರು, ಚೆಂಡಿಲ್ಲ! ಡಿಲನ್ ಎರಡೂ ಕೈ ಬೀಸಿಕೊಂಡು ಮೈದಾನದ ಉದ್ದಕ್ಕೂ ಓಡುತ್ತಿದ್ದ. ಖಾಲಿ ಕೈಯವನನ್ನು ಯಾರು ಹಿಡಿತಾರ? ಬೆನ್ನ ಮ್ಯಾಲಿನ ಗೂನು ನೋಡಿ ಜನ ನಕ್ಕೂ ನಕ್ಕೂ ಸಾಕಾದರು. ವಾರ್ನರ್ ಮುಂಚಿತವಾಗಿಯೇ ಪಂಚನ ಕಿವಿಗೆ ಇದನ್ನು ಹಾಕಿದ್ದ, ಹಂಗಾಗಿ ಅಂಕ ಕೊಟ್ಟರು. ಆಟ ಮಾತ್ರ ಸೋತರು, 12-11. ಒಂದೇ ಅಂಕ. ಆದರೂ ಜನ ನೆನಪಿಟ್ಟದ್ದು ಸೋತವರನ್ನೇ.

ಆ ವರ್ಷ ಮುಗಿಸಿ ವಾರ್ನರ್ ಕಾರ್ನೆಲ್ಲಿಗೆ ಹೋದ. 1904ರಲ್ಲಿ ಪ್ರ್ಯಾಟ್‌ನನ್ನೂ ಸರ್ಕಾರ ತಗದು ಹಾಕಿತು. ಆಮ್ಯಾಲೆ ಬಂದ ಮೂರು ವರ್ಷದ ಬಗ್ಗೆ ಪುಸ್ತಕದವರು ಎರಡು ಸಾಲು ಬರೆದು ಮುಂದ ಹೋಗತಾರ. ನನಗೆ ಅಲ್ಲೇ ನಿಲ್ಲಬೇಕು ಅನಿಸತೈತಿ. 1904ರಲ್ಲಿ ಕೋಚ್ ಆದವ ಎಡ್ ರೋಜರ್ಸ್, ಓಜಿಬ್ವೆ ಜನದವ, ಅದೇ ಶಾಲೆಯ ಹಳೇ ಆಟಗಾರ, ಮುಂದೆ ವಕೀಲಿ ಮಾಡಿದಾತ. 1905ರಲ್ಲಿ ಹೊರಗಿನವರನ್ನು ಕರೆದರು. 1906ರಲ್ಲಿ ಮತ್ತೆ ತಮ್ಮವರೇ. ಸೆನೆಕಾ ಜನದ ಬೀಮಸ್ ಪಿಯರ್ಸ್, ಹಿಂದೆ ತಂಡದ ನಾಯಕನಾಗಿದ್ದವ. ಅವನ ಜೋಡಿ ಫ್ರ್ಯಾಂಕ್ ಹಡ್ಸನ್, ಚೆಂಡು ಒದೆಯೋದರಾಗ ಹೆಸರು ಮಾಡಿದವ. ಇವರ ಕೈಯಾಗ ತಂಡ ಕೆಟ್ಟಿತೇನು? ಇಲ್ಲ. ರೋಜರ್ಸನ ವರ್ಷವೂ, ಪಿಯರ್ಸ್-ಹಡ್ಸನ್ನರ ವರ್ಷವೂ ಸೋತದ್ದಕ್ಕಿಂತ ಗೆದ್ದ ಆಟಗಳೇ ಬಹಳ ಹೆಚ್ಚು. ಅದೂ 1906 ಅಂದರೆ ಎಂಥಾ ವರ್ಷ ಅಂತೀರಿ. ಹಿಂದಿನ ವರ್ಷ ಈ ಆಟದಾಗ ದೇಶದ ತುಂಬ 18-19 ಹುಡುಗರು ಸತ್ತಿದ್ದರು. ಅಧ್ಯಕ್ಷ ರೂಸ್‌ವೆಲ್ಟರೇ ದೊಡ್ಡ ವಿಶ್ವವಿದ್ಯಾಲಯದವರನ್ನು ಮನಿಗೆ ಕರೆಸಿ, ಆಟ ಸುಧಾರಿಸಿರಿ ಅಂದಿದ್ದರು. ನಿಯಮ ಬದಲಾದವು. ಐದು ಗಜದ ಬದಲು ಹತ್ತು ಗಜ ಹೋಗಬೇಕು. ಚೆಂಡನ್ನು ಮುಂದಕ್ಕೆ ಎಸೆದು ಕೊಡಬಹುದು. ಅಂಥಾ ಗೊಂದಲದ ವರ್ಷ ಇಬ್ಬರು ಇಂಡಿಯನ್ ಕೋಚುಗಳು ತಂಡ ನಡೆಸಿದರು. ಹೊಸ ನಿಯಮ ತಿಳಿಸಲಿಕ್ಕೆ ವಾರ್ನರ್ ಕೆಲವು ದಿನ ಬಂದು ಹೋಗಿದ್ದ, ಅದನ್ನೂ ಹೇಳಬೇಕು.

ಆದರೂ 1907ಕ್ಕೆ ಮೇಲಿನವರು ಸಂಬಳ ಹೆಚ್ಚಿಸಿ ವಾರ್ನರನನ್ನೇ ತಿರುಗಿ ಕರೆಸಿದರು. ನಮ್ಮ ಊರ ಮೇಳದವ ಎಷ್ಟು ಚಂದ ಹಾಡಿದರೂ ಜಾತ್ರೆಗೆ ಹೊರಗಿನ ಮೇಳವನ್ನೇ ಕರೆಸೋ ಚಾಳಿ ಎಲ್ಲಾ ಕಡೆ ಒಂದೇ. ಆಟದ ಮಟ್ಟಿಗೆ ನೋಡಿದರೆ ಆ ಆಯ್ಕೆ ತಪ್ಪಾಗಲಿಲ್ಲ, ಅದೂ ಖರೆ. ಮುಂದಕ್ಕೆ ಎಸೆಯೋ ಹೊಸ ನಿಯಮವನ್ನು ದೊಡ್ಡ ವಿಶ್ವವಿದ್ಯಾಲಯದವರು ದೂರದಿಂದಲೇ ನೋಡುತ್ತಿದ್ದರು. ಎಸೆದದ್ದು ಹಿಡಿಯದೆ ನೆಲಕ್ಕೆ ಬಿದ್ದರೆ ದಂಡ ಇತ್ತು, ಗಂಡಸರ ಆಟ ಅಲ್ಲ ಅನ್ನೋ ಮಾತೂ ಇತ್ತು. 1906ರಲ್ಲಿ ಸೇಂಟ್ ಲೂಯಿಸ್ ವಿಶ್ವವಿದ್ಯಾಲಯದವರು ಅದನ್ನು ಚೆನ್ನಾಗಿ ಆಡಿದ್ದರು. ಆದರೆ ದೊಡ್ಡ ತಂಡಗಳ ಎದುರಿಗೆ ನಿಂತು ಅದನ್ನೇ ತಮ್ಮ ಧಾಟಿ ಮಾಡಿಕೊಂಡವರು ಕಾರ್ಲೈಲ್ ಹುಡುಗರು. ಚೆಂಡಿಗೆ ತಿರುವು ಕೊಟ್ಟು ಬಾಣದಂಗ ಎಸೆಯಲಿಕ್ಕೆ ಕಲಿತರು. ಪೆನ್ಸಿಲ್ವೇನಿಯಾ ತಂಡವನ್ನು 26-6ರಿಂದ ಹೊಡೆದ ದಿನ ಪೀಟ್ ಹೌಸರ್ ಅನ್ನುವಾತ ಓಡುತ್ತಿದ್ದ ಗಾರ್ಡ್‌ನರನ ಕೈಗೆ ಹತ್ತಿರ ಹತ್ತಿರ 40 ಗಜದ ಮ್ಯಾಲಿಂದ ಚೆಂಡು ಇಟ್ಟ. ಕೂತ ಜನ ಎದ್ದು ನಿಂತರು. ಅಂಥಾದ್ದು ಅಲ್ಲಿತನಕ ಅವರು ಕಂಡಿದ್ದಿಲ್ಲ.

ಅದೇ ವರ್ಷ ಶಿಕಾಗೋ ತಂಡದವರು ಎಕ್ಸೆಂಡೈನ್ ಅನ್ನೋ ಡೆಲವೇರ್ ಹುಡುಗನನ್ನು ಇಬ್ಬಿಬ್ಬರು ಹಿಡಿದು, ಚೆಂಡು ಹಿಡಿಯಲಿಕ್ಕೆ ಓಡದಂಗ ಮಾಡುತ್ತಿದ್ದರು. ಅವ ಏನು ಮಾಡಿದ, ಗೆರೆಯ ಹೊರಗೆ ಹೋಗಿ, ಶಿಕಾಗೋದವರೇ ಕುಂತ ಬೆಂಚಿನ ಹಿಂದಿನಿಂದ ಓಡಿ, ಮುಂದೆ ಮೈದಾನಕ್ಕೆ ಬಂದು ನಿಂತ. ಅಷ್ಟೂ ಹೊತ್ತು ಚೆಂಡು ಹಿಡಿದು ತಡೆದಿದ್ದ ಹೌಸರ್ ಎಸೆದ. ಹಿಡಿದು ಗೆರೆ ದಾಟಿದ. ಹಂಗ ಹೋಗಬಾರದು ಅಂತ ಪುಸ್ತಕದಾಗ ಇದ್ದಿಲ್ಲ. ಆಮ್ಯಾಲೆ ಬರೆದರು. ಕಾರ್ಲೈಲ್ 18, ಶಿಕಾಗೋ 4. ಹಾರ್ವರ್ಡನ್ನೂ ಆ ವರ್ಷ 23-15ರಿಂದ ಗೆದ್ದರು. ಹನ್ನೊಂದು ಆಟದಾಗ ಸೋತದ್ದು ಒಂದೇ, ಮಳಿಯಾಗ ಪ್ರಿನ್ಸ್‌ಟನ್ ಎದುರಿಗೆ. ಕೆಸರಿನಾಗ ಓಟದ ಆಟ ನಡಿಯೋದಿಲ್ಲ.

ಆ ತಂಡದಾಗ ಇನ್ನೂ ಬದಲಿ ಆಟಗಾರನಾಗಿ ಕುಂತಿದ್ದ ಹುಡುಗ ಜಿಮ್ ಥೋರ್ಪ್. ಓಕ್ಲಹೋಮಾದ ಸ್ಯಾಕ್ ಮತ್ತು ಫಾಕ್ಸ್ ಜನದವ. 1911ರಲ್ಲಿ ಹಾರ್ವರ್ಡನ್ನು 18-15ರಿಂದ ಸೋಲಿಸಿದಾಗ ಅವನೊಬ್ಬನೇ ನಾಲ್ಕು ಸಲ ಚೆಂಡನ್ನು ಕಂಬದ ನಡುವೆ ಒದ್ದ. 1912ರಲ್ಲಿ ಸ್ಟಾಕ್‌ಹೋಮ್ ಒಲಿಂಪಿಕ್ಸಿಗೆ ಹೋಗಿ ಐದಾಟದಾಗ, ಹತ್ತಾಟದಾಗ ಎರಡೂ ಚಿನ್ನ ತಂದ. ಬಂದ ಮ್ಯಾಲೆ ಅದೇ ವರ್ಷ ನವೆಂಬರಿನಾಗ ಕಾರ್ಲೈಲ್ ತಂಡ ವೆಸ್ಟ್ ಪಾಯಿಂಟಿಗೆ ಹೋಯಿತು. ಅದು ದಂಡಿನ ಅಧಿಕಾರಿಗಳನ್ನು ತಯಾರು ಮಾಡೋ ಶಾಲೆ. ವೂಂಡೆಡ್ ನೀ ಅನ್ನೋ ಜಾಗದಾಗ ಅದೇ ದೇಶದ ದಂಡು ಲಕೋಟಾ ಹೆಂಗಸರು ಮಕ್ಕಳನ್ನೂ ಬಿಡದೆ ಗುಂಡು ಹಾಕಿ 22 ವರ್ಷ ಅಷ್ಟೇ ಆಗಿತ್ತು. ಇವರ ಅಪ್ಪ-ಅಜ್ಜಂದಿರ ಜೋಡಿ ಕಾದಿದವರ ಮಕ್ಕಳು ಎದುರಿಗೆ ನಿಂತಿದ್ದರು. ಅವರಲ್ಲಿ ಮುಂದೆ ಅಮೇರಿಕಾದ ಅಧ್ಯಕ್ಷನಾದ ಐಸೆನ್‌ಹೋವರ್ ಒಬ್ಬ. ವಾರ್ನರ್ ಹೊಸ ವ್ಯೂಹ ಹಚ್ಚಿಕೊಟ್ಟಿದ್ದ, ಗಸ್ ವೆಲ್ಚ್ ಅನ್ನೋ ಓಜಿಬ್ವೆ ಹುಡುಗ ಮೈದಾನದಾಗ ಅದನ್ನು ನಡೆಸಿದ. ಕಾರ್ಲೈಲ್ 27, ದಂಡಿನವರು 6. ಅವತ್ತೂ ಪ್ರ್ಯಾಟ್ ಹಾಕಿದ ಹಳೇ ಷರತ್ತಿನಂಗ ಆಟದಿಂದಲೇ ಉತ್ತರ ಕೊಟ್ಟರು.

ಇಲ್ಲಿಗೆ ಮಂಗಳ ಹಾಡಿದರೆ ಕಥಿ ಚಂದ. ಆದರೆ ಮೂರನೇ ಮಾತು ಉಳಿದೈತಿ.

1913ರ ಜನವರಿಯಾಗ ಪತ್ರಿಕೆಯಲ್ಲಿ ಒಂದು ಸುದ್ದಿ ಬಂತು. ಥೋರ್ಪ್ 1909, 1910ರಲ್ಲಿ ಶಾಲೆ ಬಿಟ್ಟು ಹೋಗಿದ್ದಾಗ ಬೇಸ್‌ಬಾಲ್ ಆಡಿ ಒಂದಿಷ್ಟು ರೊಕ್ಕ ತಗೊಂಡಾನ, ದುಡ್ಡಿಗೆ ಆಡಿದವನಿಗೆ ಒಲಿಂಪಿಕ್ಸ್ ಇಲ್ಲ ಅಂತ. ಕಾಲೇಜಿನ ಬಹಳ ಹುಡುಗರು ಬ್ಯಾರೆ ಹೆಸರು ಹೇಳಿ ಹಂಗ ಆಡುತ್ತಿದ್ದರು. ಇವ ತನ್ನ ಹೆಸರಿನಲ್ಲೇ ಆಡಿದ್ದ. ವಾರ್ನರ್ ನನಗೇನೂ ಗೊತ್ತಿದ್ದಿಲ್ಲ ಅಂದ. ಥೋರ್ಪನ ಹೆಸರಿನಲ್ಲಿ ತಪ್ಪೊಪ್ಪಿಗೆಯ ಕಾಗದ ಹೋಯಿತು. ಸಹಿ ಹುಡುಗನದು, ಮಾತು ವಾರ್ನರನದು ಅಂತ ಚರಿತ್ರೆ ಬರೆದವರು ಹೇಳತಾರ. ನಾನು ತಿಳುವಳಿಕೆ ಇಲ್ಲದ ಇಂಡಿಯನ್ ಹುಡುಗ, ಕ್ಷಮಿಸಿರಿ ಅನ್ನೋ ಭಾವದ ಕಾಗದ ಅದು. ಎರಡೂ ಪದಕ ಕಸಗೊಂಡರು. ಥೋರ್ಪ್ 1953ರಲ್ಲಿ ತೀರಿಕೊಂಡ. 1982ರಲ್ಲಿ ಒಲಿಂಪಿಕ್ಸಿನವರು ಹೆಸರು ತಿರುಗಿ ಸೇರಿಸಿದರು. ಅವನೊಬ್ಬನೇ ಮೊದಲಿಗ ಅಂತ ಒಪ್ಪಿದ್ದು 2022ರಲ್ಲಿ.

ಹುಡುಗರು ಇದನ್ನೆಲ್ಲ ನೋಡುತ್ತಿದ್ದರು. ಆಟದಿಂದ ಬಂದ ರೊಕ್ಕ ಎಲ್ಲಿಗೆ ಹೋಗತೈತಿ, ಕೋಚಿಗೆ ಮನಿ ಕಟ್ಟಿಸಿದ್ದು ಯಾವ ರೊಕ್ಕದಾಗ ಅಂತ ಕೇಳಲಿಕ್ಕೆ ಶುರು ಮಾಡಿದರು. ಗಸ್ ವೆಲ್ಚ್ ಇನ್ನೂರರ ಮ್ಯಾಲೆ ವಿದ್ಯಾರ್ಥಿಗಳ ಸಹಿ ಕೂಡಿಸಿ ತನಿಖೆ ಆಗಬೇಕು ಅಂತ ಅರ್ಜಿ ಹಾಕಿದ. ದಂಡಿನವರ ಎದುರಿಗೆ ವಾರ್ನರನ ವ್ಯೂಹ ನಡೆಸಿದ ಅದೇ ಹುಡುಗ. 1914ರಲ್ಲಿ ಸಂಸತ್ತಿನ ಸಮಿತಿ ಕಾರ್ಲೈಲಿಗೆ ಬಂತು. ವಾರ್ನರ್ ಬೈಯುತ್ತಾನೆ, ಕೈ ಮಾಡುತ್ತಾನೆ, ಹೋಟೆಲಿನಾಗ ಟಿಕೆಟು ಮಾರುತ್ತಿದ್ದ ಅಂತ ಹುಡುಗರು ಮುಂದ ನಿಂತು ಹೇಳಿದರು. ಆಟ ಕಲಿಸೋದರಾಗ ಅವ ಗಟ್ಟಿ, ನೀತಿಯಾಗ ಅಲ್ಲ ಅನ್ನೋದು ವೆಲ್ಚನ ಸಾಕ್ಷಿ. ಶಾಲೆಯ ಮುಖ್ಯಸ್ಥನ ಕೆಲಸ ಹೋಯಿತು. ವಾರ್ನರನಿಗೆ ಏನೂ ಆಗಲಿಲ್ಲ. ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದವರು ಕರೆದರು, 1915ರಿಂದ ಅಲ್ಲಿ ಕಲಿಸಿ ಮತ್ತೂ ದೊಡ್ಡ ಹೆಸರು ಮಾಡಿದ.

ಕಾರ್ಲೈಲ್ ಶಾಲೆ 1918ರಲ್ಲಿ ಮುಚ್ಚಿತು, ಜಾಗ ತಿರುಗಿ ದಂಡಿನವರ ಕೈಗೆ ಹೋಯಿತು. ಅಲ್ಲಿ ಓದಲಿಕ್ಕೆ ಬಂದು ಕ್ಷಯ, ಜ್ವರ ಅಂತ ಸತ್ತ ಮಕ್ಕಳ ನೂರಾ ಎಂಬತ್ತರಷ್ಟು ಗೋರಿಗಳು ಅಲ್ಲೇ ಉಳಿದವು. ಕೆಲವು ಕಲ್ಲಿನ ಮ್ಯಾಲೆ ಹೆಸರೂ ಇಲ್ಲ. 2017ರಿಂದ ಈಚೆಗೆ ಬಂಧುಗಳು ಬಂದು ತಮ್ಮ ಮಕ್ಕಳ ಎಲುಬುಗಳನ್ನು ಊರಿಗೆ ಒಯ್ಯಲಿಕ್ಕೆ ಹತ್ತ್ಯಾರ.

ಆಡಿದ ಹುಡುಗರ ಪೈಕಿ ಬೆಂಚಿನ ಹಿಂದಿನಿಂದ ಓಡಿದ ಎಕ್ಸೆಂಡೈನ್ ವಕೀಲಿ ಓದಿದ, ಜಾರ್ಜ್‌ಟೌನ್ ವಿಶ್ವವಿದ್ಯಾಲಯದಾಗ ಹಲವು ವರ್ಷ ಬಿಳಿ ಹುಡುಗರಿಗೆ ಕೋಚ್ ಆಗಿದ್ದ. ಗಸ್ ವೆಲ್ಚನೂ ವಕೀಲಿ ಓದಿ, ವಾಷಿಂಗ್ಟನ್ ರಾಜ್ಯದ ಕಾಲೇಜಿನಾಗ 1919ರಿಂದ 1922ರ ತನಕ ಕಲಿಸಿದ. 1933ರಲ್ಲಿ ಕ್ಯಾನ್ಸಸ್ ರಾಜ್ಯದ ಹ್ಯಾಸ್ಕೆಲ್ ಅನ್ನೋ ಇಂಡಿಯನ್ ಮಕ್ಕಳ ಶಾಲೆಯವರು ಕೋಚ್ ಬೇಕು ಅಂತ ಅವನನ್ನು ಕರೆದರು, ಅವ ಹೋದ.